ಚಿಕ್ಕಪ್ಪನ ದೊಡ್ಡಿಗೆ ನುಗ್ಗಿದ ಹೋತ

ಅಥವಾ ಆ ರಕ್ತ ಹೋತದ್ದೇ ಇರಬೇಕು, ಅಪ್ಪನದಲ್ಲ. ನನ್ನ ಲಂಗದ ಅಂಚಿಗೆ ಹತ್ತಿದ ಕಲೆ, ಅವ್ವ ಎಷ್ಟು ಉಜ್ಜಿದರೂ ಹೋಗಲಿಲ್ಲ ಎಂಬುದಷ್ಟೇ ಖಚಿತ. ಲಂಗ ಹಸಿರು ಬಣ್ಣದ್ದು. ಅದೂ ಖಚಿತವೇನಲ್ಲ. ಹಸಿರು ಲಂಗ ಅಕ್ಕನದಾಗಿದ್ದು, ಮಾರನೆಯ ವರ್ಷ ಕಲೆಯ ಸಮೇತ ನನಗೆ ಬಂದಿರಬಹುದು. ನಾನು ಚಿಕ್ಕವಳಿದ್ದಾಗ ನಡೆದದ್ದನ್ನು ನಿಮಗೆ ಹೇಳಲು ಕೂತರೆ ಇದೇ ತೊಂದರೆ. ಕಣ್ಣಾರೆ ಕಂಡದ್ದು ಯಾವುದು, ದೊಡ್ಡವರು ಜಗಲಿಯ ಮೇಲೆ ಕೂತು ಮತ್ತೆ ಮತ್ತೆ ಹೇಳಿದ್ದನ್ನು ಕೇಳಿ ಕಂಡಂತೆ ಆದದ್ದು ಯಾವುದು, ಬಿಡಿಸಲು ಬರುವುದಿಲ್ಲ. ಬಿಡಿಸದೆಯೇ ಹೇಳುತ್ತೇನೆ. ಅನುಮಾನ ಬಂದ ಕಡೆ ಅನುಮಾನ ಎಂದೇ ಹೇಳುತ್ತೇನೆ.

ಬಾಣಾವರದ ಸ್ಟೇಷನ್ನಿನಲ್ಲಿ ಇಳಿದರೆ ನಮ್ಮೂರಿಗೆ ನಡೆದೇ ಹೋಗಬೇಕಿತ್ತು. ಊರಿನ ಒಂದು ಮಗ್ಗುಲಿಗೆ ತೆಂಗಿನ ತೋಟಗಳು, ಇನ್ನೊಂದು ಮಗ್ಗುಲಿಗೆ ರಾಗಿ ಹೊಲ. ಹೊಲ ಮುಗಿದಲ್ಲಿ ಕಾವಲು ಶುರುವಾಗುತ್ತಿತ್ತು. ಕಾವಲು ಎಂದರೆ ಹಿಂದಿನ ಕಾಲದಲ್ಲಿ ಅರಮನೆಯ ದನಗಳು ಮೇಯಲೆಂದು ಬಿಟ್ಟಿದ್ದ ಬಯಲು. ನಮ್ಮ ಕಾಲಕ್ಕೆ ಅಲ್ಲಿ ಹುಲ್ಲಿಗಿಂತ ಜಾಲಿಮುಳ್ಳೇ ಹೆಚ್ಚಾಗಿತ್ತು.

ನಾನು ಹುಟ್ಟಿ ಕೆಲವು ವರ್ಷಕ್ಕೆ ಅಪ್ಪ ಮತ್ತು ಚಿಕ್ಕಪ್ಪ ಪಾಲಾದರು. ಮನೆಯ ನಡುವೆ ಒಂದು ಗೋಡೆ ಎದ್ದಿತು. ಹೊಲ, ತೆಂಗಿನಮರ, ಹಿತ್ತಾಳೆ ಪಾತ್ರೆ ಹಂಚಿಕೊಂಡ ಹಾಗೆಯೇ ಆಡುಗಳನ್ನೂ ಹಂಚಿಕೊಂಡರು. ಒಂದೇ ತಾಯಿಯ ಅವಳಿ ಮರಿಗಳಲ್ಲಿ ಒಂದು ಗೋಡೆಯ ಈಚೆಗೆ ಬಂತು, ಇನ್ನೊಂದು ಆಚೆಗೆ ಹೋಯಿತು. ಹಾಗಾಗಿ ಎರಡು ಮನೆಯ ಆಡುಗಳೂ ಒಡಹುಟ್ಟಿದವು, ಅಪ್ಪ ಮತ್ತು ಚಿಕ್ಕಪ್ಪನ ಹಾಗೆ. ಬೇರೆಯಾದದ್ದು ಅವು ಮೇವು ತಿನ್ನುವ ರೀತಿ.

ಅಪ್ಪನ ಆಡುಗಳು ಕಾವಲಿಗೆ ಹೋಗುತ್ತಿದ್ದವು. ಅವುಗಳ ಹಿಂದೆ ಅಕ್ಕ ಹೋಗುತ್ತಿದ್ದಳು. ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿದ ಮೇಲೆ ಅಪ್ಪ ಅವಳ ಕೈಗೆ ದೋಟಿ ಕೊಟ್ಟಿದ್ದ. ದೋಟಿ ಎಂದರೆ ಉದ್ದನೆಯ ಬಿದಿರಿನ ಗಳು, ತುದಿಯಲ್ಲಿ ಕಬ್ಬಿಣದ ಕೊಕ್ಕೆ. ಅಕ್ಕ ಅದರಲ್ಲಿ ಮರದ ಕೊಂಬೆಗೆ ಕೊಕ್ಕೆ ಹಾಕಿ ಬಗ್ಗಿಸುತ್ತಿದ್ದಳು, ಆಡುಗಳು ಹಿಂಗಾಲ ಮೇಲೆ ನಿಂತು ಒಂದರ ಬೆನ್ನ ಮೇಲೆ ಇನ್ನೊಂದು ಕಾಲಿಟ್ಟು ಎಲೆ ಕಿತ್ತು ತಿನ್ನುತ್ತಿದ್ದವು. ಮಳೆಗಾಲದಲ್ಲಿ ಹೊಟ್ಟೆ ತುಂಬುತ್ತಿತ್ತು. ಬೇಸಿಗೆಯಲ್ಲಿ ಒಣಗಿದ ಜಾಲಿಕಾಯಿಗಾಗಿ ಅವು ಕಿತ್ತಾಡುತ್ತಿದ್ದವು. ಮುಳ್ಳಿನಲ್ಲಿ ಕಿವಿ ಹರಿದುಕೊಂಡು, ಕಣ್ಣು ಚುಚ್ಚಿಕೊಂಡು ಸಂಜೆ ಮನೆಗೆ ಬರುತ್ತಿದ್ದವು. ನಿಧಾನವಾಗಿ ಬೆಳೆಯುತ್ತಿದ್ದವು, ತಡವಾಗಿ ಗಬ್ಬವಾಗುತ್ತಿದ್ದವು, ಹಾಕಿದರೆ ಒಂದೇ ಮರಿ. ಆದರೆ ಗಟ್ಟಿ. ನಾಯಿ ಅಟ್ಟಿಸಿಕೊಂಡು ಬಂದರೆ ಬಂಡೆ ಹತ್ತಿ ನಿಂತು ಅದರ ಮುಖ ನೋಡುತ್ತಿದ್ದವು.

ಚಿಕ್ಕಪ್ಪ ಯಾವುದೋ ಊರಿನ ಕುರಿ ಫಾರಂನಲ್ಲಿ ಕೆಲವು ತಿಂಗಳು ಕೂಲಿಗಿದ್ದು ಬಂದವನು. ಅಲ್ಲಿ ಕಂಡದ್ದನ್ನು ಇಲ್ಲಿ ಮಾಡಿದ. ಹಿತ್ತಲಲ್ಲಿ ಕಲ್ಲುಕಂಬ ನೆಟ್ಟು, ಅದರ ಮೇಲೆ ಸೀಳಿದ ಬಿದಿರಿನ ಅಟ್ಟಣೆ ಹಾಕಿ, ಸುತ್ತ ಗಳು ಕಟ್ಟಿ ದೊಡ್ಡಿ ಮಾಡಿದ. ಹಿಕ್ಕೆ, ಗಂಜಲ ಸಂದಿಯಿಂದ ಕೆಳಗೆ ಬೀಳುತ್ತಿತ್ತು. ಆಡುಗಳು ಮೇಲೆ ಒಣ ನೆಲದಲ್ಲಿ ಮಲಗುತ್ತಿದ್ದವು. ಅವು ಹೊರಗೆ ಹೋಗುತ್ತಲೇ ಇರಲಿಲ್ಲ. ಅಗಸೆ ಸೊಪ್ಪಿನ ಕಟ್ಟನ್ನು ಮೇಲಿನಿಂದ ತೂಗುಹಾಕುತ್ತಿದ್ದ. ನೆಲಕ್ಕೆ ಬಿದ್ದದ್ದನ್ನು ಆಡು ಮೂಸುವುದಿಲ್ಲ. ಹುರುಳಿ ಹೊಟ್ಟು, ಬೂಸಾ, ಕಡಲೆಕಾಯಿ ಹಿಂಡಿ, ನೆಕ್ಕಲು ಉಪ್ಪಿನ ಹರಳು. ಹಿಂಡಿ ನೆನೆಸಿಟ್ಟ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂದರೆ ನನಗೇ ಹಸಿವಾಗುತ್ತಿತ್ತು. ಒಂದು ವರ್ಷದಲ್ಲಿ ಆ ಆಡುಗಳ ಮೈ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಎನ್ನತೊಡಗಿತು. ಬೇಗ ಬೆದೆಗೆ ಬಂದವು. ಮೊದಲ ಸಲವೇ ಎರಡೆರಡು ಮರಿ ಹಾಕಿದವು. ನಡೆಯದೆ ಗೊರಸು ಮಾತ್ರ ಉದ್ದ ಬೆಳೆದು ಮುಂದಕ್ಕೆ ಬಾಗುತ್ತಿತ್ತು, ಚಿಕ್ಕಪ್ಪ ಕುಡುಗೋಲಿನಲ್ಲಿ ಕತ್ತರಿಸುತ್ತಿದ್ದ.

ಗೋಡೆಯ ಈಚೆಯಿಂದ ಅಪ್ಪ ಕೇಳುತ್ತಿದ್ದ: "ಏನ್ಲಾ, ಆಡುಗಳಿಗೆ ತೊಟ್ಟಿಲು ಕಟ್ಟೋದೊಂದು ಬಾಕಿ ಐತೇನೋ?"

ಆಚೆಯಿಂದ ಚಿಕ್ಕಪ್ಪ: "ಕಟ್ತೀನಣ್ಣ. ನಿನ್ನವನ್ನೂ ಕಳ್ಸು, ತೂಗೋಕೆ ಆಳು ಬೇಕಲ್ಲ."

ಮಾತು ಹೀಗೆ ನಗೆಯಲ್ಲಿ ಶುರುವಾಗಿ, ಪಾಲಿನಲ್ಲಿ ಯಾವ ಮರ ಯಾರಿಗೆ ಹೋಯಿತು ಎಂಬಲ್ಲಿಗೆ ಬಂದು, ಬೈಗುಳದಲ್ಲಿ ಮುಗಿಯುತ್ತಿತ್ತು.

ಅಕ್ಕನಿಗೆ ಬಾಣಾವರದ ಶಾಲೆಗೆ ಹೋಗಬೇಕಿತ್ತು. ಅವಳು ಅತ್ತು ಕರೆದು ಕೇಳುವವಳಲ್ಲ. ದಿನಾ ಸಂಜೆ ಆಡು ಕಟ್ಟಿದ ಮೇಲೆ ಅದೇ ಮಾತನ್ನು ಅದೇ ದನಿಯಲ್ಲಿ ಕೇಳುತ್ತಿದ್ದಳು. ಕಡೆಗೊಂದು ದಿನ ಅಪ್ಪನಿಗೆ ಸಾಕಾಯಿತು. "ನೋಡವ್ವ, ಅವನ ಆಡು ಎರಡನೇ ಸಲಾನೂ ಎರಡೆರಡು ಈದು, ಆ ಮರಿ ಉಳಕೊಂಡ್ರೆ, ನಾನೂ ದೊಡ್ಡಿ ಕಟ್ತೀನಿ. ಆಡು ಒಳಗಿರ್ತವೆ, ನೀನು ಹೋಗು ಇಸ್ಕೂಲ್‌ಗೆ. ಉಳೀದಿದ್ರೆ ನನ್ನ ತಲೆ ತಿನ್ನಬೇಡ," ಎಂದ. ಅಕ್ಕ ತಲೆಯಾಡಿಸಿದಳು. ಅಕ್ಕನ ನಂತರ ದೋಟಿ ನನ್ನ ಕೈಗೆ ಬರುತ್ತದೆ ಎಂಬುದು ಯಾರೂ ಹೇಳದೆಯೇ ತೀರ್ಮಾನವಾಗಿದ್ದ ವಿಷಯ. ಹಾಗಾಗಿ ಚಿಕ್ಕಪ್ಪನ ಆಡುಗಳ ಹೊಟ್ಟೆಯ ಮೇಲೆ ನನಗೂ ಕಣ್ಣಿತ್ತು.

ಅಂದಿನಿಂದ ಅಕ್ಕ ಒಂದು ಕೆಲಸ ಮಾಡಿದಳು. ಅಪ್ಪನ ಆಡು ಕಾಯುತ್ತಲೇ ಕಾವಲಿನಿಂದ ಚಿಗುರು ಸೊಪ್ಪು, ಬೇಲಿಬಳ್ಳಿ ಕಿತ್ತು ಲಂಗದ ಮಡಿಲಿನಲ್ಲಿ ತಂದು, ಚಿಕ್ಕಪ್ಪನ ದೊಡ್ಡಿಯ ಗಳುಗಳ ಸಂದಿಯಿಂದ ಒಳಗೆ ತೂರಿಸುತ್ತಿದ್ದಳು. ಗಬ್ಬದ ಆಡುಗಳಿಗೂ ಕೊಡುತ್ತಿದ್ದಳು; ಹಿಂದಿನ ಸಲ ಹುಟ್ಟಿದ್ದ ಒಂದು ಬಿಳಿ ಗಂಡು ಮರಿಗೆ ತನ್ನ ಅಂಗೈಯಿಂದಲೇ ತಿನ್ನಿಸುತ್ತಿದ್ದಳು. ಅಪ್ಪನಿಗೂ ಗೊತ್ತಿರಲಿಲ್ಲ, ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ.

ಇನ್ನು ಹೋತದ ವಿಷಯ. ಅದು ಊರಮ್ಮನ ಹೋತ, ನಮ್ಮೂರ ಗುಡಿಯ ದೇವಿಗೆ ಬಿಟ್ಟದ್ದು. ಒಂದು ಗಂಡು ಮರಿಯನ್ನು ಗುಡಿಯ ಮುಂದೆ ನಿಲ್ಲಿಸಿ, ಅರಿಶಿನದ ನೀರು ಹಾಕಿ, ಕಿವಿಯ ತುದಿ ಸೀಳಿ ಬಿಟ್ಟುಬಿಡುತ್ತಿದ್ದರು. ಅಲ್ಲಿಂದ ಅದು ಯಾರದೂ ಅಲ್ಲ. ಅದನ್ನು ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಅದು ಬಂದಾಗ ಬಾಗಿಲು ಮುಚ್ಚುವಂತಿಲ್ಲ. ಒಬ್ಬರ ಮನೆಯಲ್ಲಿ ರಾಗಿಮುದ್ದೆ, ಇನ್ನೊಬ್ಬರ ಮನೆಯಲ್ಲಿ ಬೆಲ್ಲ, ಮತ್ತೊಬ್ಬರ ಹೊಲದಲ್ಲಿ ಎಳೆ ಹುರುಳಿ, ಎಲ್ಲ ತಿಂದುಕೊಂಡು, ಊರಿನ ಎಲ್ಲ ಆಡುಗಳಿಗೂ ಅದೇ ಗಂಡನಾಗಿ ತಿರುಗುತ್ತಿತ್ತು. ಅಮ್ಮನ ಹಬ್ಬ ಬಂದ ವರ್ಷ ಅದನ್ನು ಗುಡಿಯ ಮುಂದೆ ಕಡಿಯುತ್ತಿದ್ದರು. ಆ ಹೋತ ಕಪ್ಪಗೆ, ಕರುವಿನಷ್ಟು ಎತ್ತರವಾಗಿತ್ತು. ಕೊಂಬು ಹಿಂದಕ್ಕೆ ಬಾಗಿ ತಿರುಚಿಕೊಂಡಿದ್ದವು. ಅದು ಬೀದಿಯ ಆ ತುದಿಯಲ್ಲಿದ್ದರೆ ಈ ತುದಿಗೆ ನಾತ ಬರುತ್ತಿತ್ತು. ಬೆದೆಯ ದಿನಗಳಲ್ಲಿ ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ನಗಬೇಡಿ. ನಾವೂ ನಗುತ್ತಿದ್ದೆವು, ಅವ್ವ ಬಾಯಿ ಮೇಲೆ ಹೊಡೆಯುತ್ತಿದ್ದಳು.

ಚಿಕ್ಕಪ್ಪನ ದೊಡ್ಡಿಗೆ ಅಗುಳಿ ಇತ್ತು. ಊರಲ್ಲಿ ಆಡಿನ ದೊಡ್ಡಿಗೆ ಅಗುಳಿ ಹಾಕಿದವನು ಅವನೊಬ್ಬನೇ. ತಾನು ಹೊರಗಿನಿಂದ ತಂದ ಬೀಜದ ಹೋತ ಒಂದನ್ನು ಒಳಗೇ ಕಟ್ಟಿದ್ದ. ಅವನ ಆಡುಗಳಿಗೆ ಅದು ಸಾಕು, ಊರಮ್ಮನ ಹೋತ ಬೇಡ. ಊರಿನ ಒಬ್ಬ ಹಿರಿಯ ಕೇಳಿದ್ದನಂತೆ: "ಅಮ್ಮನ ಹೋತಕ್ಕೇ ಅಗುಳಿ ಹಾಕ್ತೀಯೇನ್ಲಾ?" ಚಿಕ್ಕಪ್ಪ, "ಅಮ್ಮಂಗೆ ಹಾಕಿಲ್ಲ ಕಣ್ರೀ, ನಾತಕ್ಕೆ ಹಾಕಿದೀನಿ," ಎಂದಿದ್ದನಂತೆ. ಆ ಮಾತಿಗೆ ಚಿಕ್ಕಮ್ಮ ದಿನಗಟ್ಟಲೆ ಅನ್ನ ಬಿಟ್ಟಿದ್ದಳು ಎಂದು ಅವ್ವ ಹೇಳುತ್ತಿದ್ದಳು. ಚಿಕ್ಕಮ್ಮನಿಗೆ ಊರಮ್ಮನೆಂದರೆ ಬಹಳ ಭಯ.

ಆ ದಿನ ಬೆಳಿಗ್ಗೆ ಅಕ್ಕ ಆಡು ಬಿಟ್ಟುಕೊಂಡು ಹೊರಡಲಿಲ್ಲ. ಚಿಕ್ಕಪ್ಪನ ಆಡುಗಳು ಈಯುವ ಹೊತ್ತು ಹತ್ತಿರ ಬಂದಿತ್ತು. ಅವುಗಳ ಕೆಚ್ಚಲು ಬಿಗಿದು ಹೊಳೆಯುತ್ತಿತ್ತು, ಹೊಟ್ಟೆ ಕೆಳಕ್ಕಿಳಿದಿತ್ತು. ದೋಟಿಯನ್ನು ಹೆಗಲ ಮೇಲಿಟ್ಟುಕೊಂಡು ಅವಳು ದೊಡ್ಡಿಯ ಬೇಲಿ ಹಿಡಿದು ನೋಡುತ್ತ ನಿಂತಿದ್ದಳು. ನಾನು ಪಕ್ಕದಲ್ಲಿ. ಅದೇ ದೊಡ್ಡಿಯಲ್ಲಿ ಬಿಳಿ ಮರಿಯ ಅವಳಿ ತಂಗಿಯೊಂದಿತ್ತು. ವರ್ಷವೂ ತುಂಬಿರಲಿಲ್ಲ, ಹಿಂಡಿ ತಿಂದ ಮೈ, ಆಗಲೇ ಬೆದೆಗೆ ಬಂದು ಬಾಲ ಅಲ್ಲಾಡಿಸುತ್ತ ಒಂದೇ ಸಮನೆ ಕೂಗುತ್ತಿತ್ತು. ಅಪ್ಪನ ಆಡುಗಳಲ್ಲಿ ಅದರ ಓರಗೆಯದು ಇನ್ನೂ ಮೊಣಕಾಲೆತ್ತರ. ಆ ಕೂಗು ಹೋತಕ್ಕೆ ಕೇಳಿಸಿತು.

ಅದು ಬಂದದ್ದು ನನಗೆ ಮೊದಲು ಗೊತ್ತಾದದ್ದು ನಾತದಿಂದ. ಆಮೇಲೆ ಗೊರಸಿನ ಸದ್ದು. ಬೀದಿಯಿಂದ ಹಿತ್ತಲಿಗೆ ಓಡಿ ಬಂದು, ಅಟ್ಟಣೆಗೆ ಹತ್ತಲು ಇಟ್ಟಿದ್ದ ಹಲಗೆಯ ಮೇಲೆ ಸರಸರ ಏರಿ, ಬಾಗಿಲಿಗೆ ತಲೆ ಕೊಟ್ಟಿತು. ಬಾಗಿಲು ತೆರೆಯಿತು. ಅಗುಳಿ ಹಾಕಿರಲಿಲ್ಲ ಎಂದು ಚಿಕ್ಕಪ್ಪ, ಹೋತ ಮುರಿಯಿತು ಎಂದು ಚಿಕ್ಕಮ್ಮ, ಅಮ್ಮನೇ ತೆಗೆದಳು ಎಂದು ಊರು. ನಾನು ಅಲ್ಲೇ ನಿಂತಿದ್ದೆ, ಅಗುಳಿಯನ್ನು ನೋಡಲಿಲ್ಲ. ನೋಡುತ್ತಿದ್ದದ್ದು ಹೋತದ ಹಳದಿ ಕಣ್ಣನ್ನು.

ಒಳಗಿದ್ದ ಬೀಜದ ಹೋತ ಹಗ್ಗ ಕಿತ್ತುಕೊಂಡಿತು. ಎರಡೂ ಹಿಂಗಾಲ ಮೇಲೆ ಎದ್ದು, ಒಂದು ಕ್ಷಣ ಗಾಳಿಯಲ್ಲಿ ನಿಂತು, ತಲೆ ತಿರುಗಿಸಿ ಕೆಳಗೆ ಬಿದ್ದವು. ಕೊಂಬಿಗೆ ಕೊಂಬು ತಾಗಿದ ಸದ್ದು ತೆಂಗಿನಕಾಯಿ ಒಡೆದ ಹಾಗಿರಲಿಲ್ಲ, ಒನಕೆಯಿಂದ ಬಂಡೆಗೆ ಹೊಡೆದ ಹಾಗಿತ್ತು. ಮತ್ತೆ ಎದ್ದವು, ಮತ್ತೆ ಬಿದ್ದವು. ಬೀಜದ ಹೋತ ತೂಕದಲ್ಲಿ ಕಡಿಮೆಯೇನಲ್ಲ, ಹಿಂಡಿ ತಿಂದ ಮೈ. ಆದರೆ ಅದು ಬದುಕಿನಲ್ಲಿ ಓಡಿದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ ನಾಲಿಗೆ ಹೊರಗೆ ಬಂತು. ಉದ್ದ ಬೆಳೆದ ಗೊರಸು ಬಿದಿರಿನ ಮೇಲೆ ಜಾರಿತು. ಅಮ್ಮನ ಹೋತ ಅದರ ಪಕ್ಕೆಗೆ ಗುಮ್ಮಿತು. ಗುಮ್ಮುತ್ತಲೇ ಇತ್ತು. ಅಟ್ಟಣೆಯ ಬಿದಿರು ಲಟಲಟ ಮುರಿದು, ಬೀಜದ ಹೋತ ತಲೆ ಕೆಳಗಾಗಿ ಸಂದಿಯಲ್ಲಿ ಸಿಕ್ಕಿಕೊಂಡಿತು. ಕುತ್ತಿಗೆ ಒಂದು ಕಡೆ, ಮೈ ಒಂದು ಕಡೆ. ಕಾಲು ಮಾತ್ರ ಒದ್ದಾಡುತ್ತಿತ್ತು.

ಗಬ್ಬದ ಆಡುಗಳು ಓಡಲು ಜಾಗವಿಲ್ಲದೆ ಒಂದರ ಮೇಲೊಂದು ಬಿದ್ದವು. ಹೋತಕ್ಕೆ ಈಗ ತಲೆ ಕೆಟ್ಟಿತ್ತು. ದಾರಿಗೆ ಅಡ್ಡ ಬಂದದ್ದನ್ನೆಲ್ಲ ಗುಮ್ಮಿತು. ತುಂಬಿದ ಹೊಟ್ಟೆಗೆ ಕೊಂಬು ಬಿದ್ದಾಗ ಬರುವ ಸದ್ದು ನಾನು ನಿಮಗೆ ಹೇಳುವುದಿಲ್ಲ. ಒಂದು ಆಡಿನ ಮುಂಗಾಲು ಮುರಿದ ಬಿದಿರಿನ ಸಂದಿಗೆ ಇಳಿದು ಕಟಕ್ಕೆಂದಿತು. ಅದು ಮನುಷ್ಯರ ಹಾಗೆ ಕಿರುಚಿತು.

ಚಿಕ್ಕಪ್ಪ ಒಳಗಿನಿಂದ ಮಚ್ಚು ಹಿಡಿದು ಓಡಿಬಂದ. ಅದೇ ಹೊತ್ತಿಗೆ ಅಪ್ಪ ಗೋಡೆ ಹಾರಿ ಬಂದು ಹಲಗೆಗೆ ಅಡ್ಡ ನಿಂತ.

"ಬಿಡಣ್ಣ."

"ಬಿಡಲ್ಲ ಕಣೋ. ಅದರ ಮೇಲೆ ಮಚ್ಚು ಬಿದ್ರೆ ಈ ಊರಲ್ಲಿ ನಮಗೆ ನೀರೂ ಹುಟ್ಟಲ್ಲ."

"ನನ್ನ ಆಡು ಸಾಯ್ತಾವೆ. ನಿಂತು ನೋಡೋಕೆ ಖುಷಿಯೇನಣ್ಣ ನಿಂಗೆ?"

"ಏನಂದೆ?"

ಚಿಕ್ಕಪ್ಪ ಅದೇ ಮಾತನ್ನು ಮತ್ತೆ ಹೇಳಿದ. ಅಪ್ಪ ಅವನ ಕೆನ್ನೆಗೆ ಹೊಡೆದ. ಆಮೇಲೆ ಅವರಿಬ್ಬರೂ ಆಡುಗಳನ್ನು ಮರೆತರು. ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು ಹಿಕ್ಕೆಯ ರಾಶಿಯಲ್ಲಿ ಉರುಳಾಡಿದರು. ಮೇಲೆ ಹೋತ ಗುಮ್ಮುತ್ತಿತ್ತು, ಕೆಳಗೆ ಇವರು ಹೊಡೆದಾಡುತ್ತಿದ್ದರು. ಚಿಕ್ಕಪ್ಪ ಅಪ್ಪನ ಮೂಗಿಗೆ ತಲೆಯಿಂದ ಗುದ್ದಿದ. ಅಪ್ಪ ಅವನ ಕಿವಿ ಕಚ್ಚಿದ. ಬಾವಿಯ ಪಕ್ಕದ ತೆಂಗಿನಮರದ ವಿಷಯ, ಸತ್ತ ಅಜ್ಜಿಯನ್ನು ಯಾರು ನೋಡಿಕೊಂಡರು ಎಂಬ ವಿಷಯ, ಎಲ್ಲ ಆ ಧೂಳಿನಲ್ಲಿ ಹೊರಗೆ ಬಂತು. ಮಚ್ಚು ಇಬ್ಬರ ನಡುವೆ ಎಲ್ಲೋ ಇತ್ತು. ಅದು ಬೀಸಿದ್ದಲ್ಲ, ಉರುಳುವಾಗ ತಾಗಿದ್ದು ಎಂದು ಇಬ್ಬರೂ ಕೊನೆಯವರೆಗೂ ಹೇಳಿದರು. ಅಪ್ಪನ ಮೊಣಕೈ ಕೆಳಗೆ ಬಾಯಿ ತೆರೆದ ಹಾಗೆ ಸೀಳಿತು. ಒಳಗೆ ಬೆಳ್ಳಗೆ ಕಂಡಿತು, ಆಮೇಲೆ ಕೆಂಪು ತುಂಬಿಕೊಂಡಿತು. ಚಿಕ್ಕಮ್ಮ "ಬಾವ, ಬಾವ" ಎಂದು ಬಡಿದುಕೊಳ್ಳುತ್ತಿದ್ದಳು.

ಆಗ ಅಕ್ಕ ಹಲಗೆ ಹತ್ತಿದಳು.

ಇಲ್ಲಿ ನನ್ನ ಬಳಿ ಎರಡು ಚಿತ್ರಗಳಿವೆ. ಒಂದರಲ್ಲಿ ಅಕ್ಕ ದೋಟಿಯನ್ನು ತಿರುಗಿಸಿ ಹಿಡಿದು, ಅದರ ಬುಡದಿಂದ ಹೋತದ ಬೆನ್ನಿಗೆ, ತಲೆಗೆ, ಮೂತಿಗೆ ಹೊಡೆಯುತ್ತಿದ್ದಾಳೆ. ಇನ್ನೊಂದರಲ್ಲಿ ಅವಳು ಹೊಡೆಯುತ್ತಲೇ ಇಲ್ಲ. ಮರದ ಕೊಂಬೆಗೆ ಹಾಕುವ ಹಾಗೆ ಕೊಕ್ಕೆಯನ್ನು ಹೋತದ ಕೊಂಬಿಗೆ ಹಾಕಿ, ಎರಡೂ ಕಾಲನ್ನು ಬಾಗಿಲ ಕಂಬಕ್ಕೆ ಒತ್ತಿ, ಮೈಯ ಭಾರವನ್ನೆಲ್ಲ ಬಿಟ್ಟು ಎಳೆಯುತ್ತಿದ್ದಾಳೆ. ಎರಡೂ ನಡೆದಿರಬಹುದು, ಒಂದಾದ ಮೇಲೊಂದು. ಎರಡರಲ್ಲೂ ಅವಳ ಬಾಯಿ ಮುಚ್ಚಿದೆ. ಕೂಗಲಿಲ್ಲ, ಬೈಯಲಿಲ್ಲ. ದಿನಾ ಕಾವಲಿನಲ್ಲಿ ಮಾಡುವ ಕೆಲಸದ ಹಾಗೆ ಎಳೆದಳು. ಹಸಿ ಕಬ್ಬು ಮುರಿದ ಸದ್ದಾಯಿತು. ಎಡಗೊಂಬು ಬುಡದಿಂದ ಕಿತ್ತು ಬಂತು. ರಕ್ತ ಪಿಚಕಾರಿಯ ಹಾಗೆ ಚಿಮ್ಮಿ ಅವಳ ಮುಖಕ್ಕೆ, ನನ್ನ ಲಂಗಕ್ಕೆ ಹಾರಿತು ಎಂದೇ ನಾನು ನಂಬಿಕೊಂಡು ಬಂದಿದ್ದೇನೆ. ಹೋತ ಮೊಣಕಾಲೂರಿತು. ಆಮೇಲೆ ಎದ್ದು, ತಲೆ ಒಂದು ಕಡೆ ವಾಲಿಸಿಕೊಂಡು, ಹಲಗೆ ಇಳಿದು, ಉರುಳಾಡುತ್ತಿದ್ದ ಅಪ್ಪ ಮತ್ತು ಚಿಕ್ಕಪ್ಪನ ಪಕ್ಕದಲ್ಲೇ ನಡೆದುಕೊಂಡು ಬೀದಿಗೆ ಹೋಯಿತು. ಅವರಿಬ್ಬರೂ ಹೊಡೆದಾಟ ನಿಲ್ಲಿಸಿ ಅದನ್ನು ನೋಡಿದರು.

ಊರಲ್ಲಿ ಆ ಹೋತಕ್ಕೆ ಅಲ್ಲಿಯವರೆಗೆ ಒಂದು ಕಡ್ಡಿಯಲ್ಲೂ ಯಾರೂ ತಟ್ಟಿರಲಿಲ್ಲ.

ಆಮೇಲಿನದು ನೆನಪಿನಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಕಾಲು ಮುರಿದ ಆಡನ್ನು ಚಿಕ್ಕಪ್ಪ ಅಲ್ಲೇ ಕೊಯ್ದ. ಅಪ್ಪನ ಕೈಗೆ ಅವ್ವ ಅರಿಶಿನ ತುಂಬಿ ಪಂಚೆ ಹರಿದು ಕಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಆಡುಗಳು ಒಂದಾದ ಮೇಲೊಂದು ಕಂದು ಹಾಕಿದವು, ದಿನ ತುಂಬುವ ಮೊದಲೇ ಮರಿಗಳು ಹೊರಗೆ ಬಿದ್ದವು. ನಿಜ, ಎರಡೆರಡೇ. ತುಪ್ಪಳ ಬಂದಿತ್ತು, ಗೊರಸು ಮಾತ್ರ ಇನ್ನೂ ಬೆಣ್ಣೆಯ ಹಾಗೆ ಮೆತ್ತಗಿತ್ತು. ಅಕ್ಕ ಒಂದೊಂದನ್ನೂ ಹಿಂಗಾಲು ಹಿಡಿದು ಬೀಸಿದಳು, ಮೂಗಿನ ಲೋಳೆ ಒರೆಸಿ ಬಾಯಿ ಇಟ್ಟು ಊದಿದಳು. ಒಂದು ಸೀನಿತು. ಅವಳು ನನ್ನ ಮುಖ ನೋಡಿದಳು. ಸಂಜೆಯೊಳಗೆ ಅದೂ ಸತ್ತಿತು. ಅಪ್ಪ ಜಗಲಿಯಿಂದ ಎಲ್ಲ ನೋಡುತ್ತಿದ್ದ. ಮರಿ ಉಳಿಯಲಿಲ್ಲ. ಅಕ್ಕ ರಕ್ತ ಹತ್ತಿದ ದೋಟಿಯನ್ನು ಬಾನಿಯ ನೀರಿನಲ್ಲಿ ತೊಳೆದು ನಮ್ಮ ಸೂರಿಗೆ ಒರಗಿಸಿದಳು, ನಾಳೆಗೆ ಬೇಕಲ್ಲ.

ಆಗ ಊರಮ್ಮನ ಗುಡಿಯ ಪೂಜಾರಪ್ಪ ಬಂದ. ಜೊತೆಗೆ ಊರಿನ ಕೆಲವರು. ಹೋತವನ್ನು ಗುಡಿಯ ಹತ್ತಿರ ನೋಡಿಕೊಂಡೇ ಬಂದಿದ್ದರು.

"ಕೊಂಬು ಮುರಿದವರು ಯಾರು?"

"ನಾನೇ," ಎಂದಳು ಅಕ್ಕ.

ಅವಳನ್ನು ಹೊಡೆಯುತ್ತಾರೆ ಎಂದು ನಾನು ಅವ್ವನ ಹಿಂದೆ ಅಡಗಿದೆ. ಪೂಜಾರಪ್ಪ ಅವಳನ್ನೂ, ಅಪ್ಪನ ಕೈಯನ್ನೂ, ಸಾಲಾಗಿ ಮಲಗಿದ್ದ ಮರಿಗಳನ್ನೂ ನೋಡಿ ಜಗಲಿಯ ಮೇಲೆ ಕೂತ. "ಆ ಹೋತ ಇನ್ನು ಅಮ್ಮನಿಗೆ ಆಗಲ್ಲ ಕಣಪ್ಪ. ಅಮ್ಮನ ಹೆಸರಲ್ಲಿ ಸೀಳಿದ ಕಿವಿ ಬಿಟ್ಟು ಅದರ ಮೈಮೇಲೆ ಇನ್ನೊಂದು ಊನ ಇರಬಾರ್ದು. ಕುಂಟು, ಕುರುಡು, ಮುರುಕು, ಯಾವುದನ್ನೂ ಅವಳ ಮುಂದೆ ಕಡಿಯೋ ಹಾಗಿಲ್ಲ. ಅದು ಸಾಯೋತನಕ ತಿರಕೊಂಡಿರ್ಲಿ. ನೀವು ಅದರ ಜಾಗಕ್ಕೆ ಒಂದು ಗಂಡು ಮರಿ ಬಿಡ್ಬೇಕು."

"ನನ್ನ ಮಗಳು ಮಾಡಿದ್ದು, ನಾನೇ ಬಿಡ್ತೀನಿ," ಎಂದ ಅಪ್ಪ.

ನಮ್ಮ ಆಡುಗಳನ್ನು ಅಂಗಳಕ್ಕೆ ಬಿಟ್ಟರು. ಪೂಜಾರಪ್ಪ ಒಂದೊಂದು ಗಂಡನ್ನೂ ಹಿಡಿದು ಕಿವಿ, ಕಣ್ಣು, ಕಾಲು ತಡವಿ ನೋಡಿದ. ಒಂದರ ಕಿವಿ ಮುಳ್ಳಿಗೆ ಹರಿದು ಎರಡಾಗಿತ್ತು. ಒಂದರ ಕಣ್ಣಿನಲ್ಲಿ ಹೂವು ಬಿದ್ದಿತ್ತು. ಒಂದಕ್ಕೆ ನಾಯಿ ಕಚ್ಚಿದ ಗುರುತು. ಪೂಜಾರಪ್ಪ ಒಂದೊಂದನ್ನೇ ಬಿಡುತ್ತ ಹೋದ. "ಇದೇನಪ್ಪ, ಒಂದರ ಮೈಯೂ ನೆಟ್ಟಗಿಲ್ಲವಲ್ಲ."

"ಕಾವಲಲ್ಲಿ ಮೇಯ್ತಾವೆ ಪೂಜಾರಪ್ಪ. ಮುಳ್ಳು ಬಿಟ್ರೆ ಅಲ್ಲಿ ಇನ್ನೇನೈತೆ," ಎಂದ ಅಪ್ಪ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಆಗ ಗೋಡೆಯ ಆಚೆಯಿಂದ ಚಿಕ್ಕಪ್ಪ ಬಂದ. ಕಚ್ಚಿದ ಕಿವಿ ಊದಿಕೊಂಡಿತ್ತು. ತೋಳಿನಲ್ಲಿ ಆ ಬಿಳಿ ಮರಿ. ಇಡೀ ಗದ್ದಲದಲ್ಲಿ ಅದು ಬೂಸಾ ಗೋಣಿಚೀಲದ ಹಿಂದೆ ನುಗ್ಗಿ ಕೂತಿತ್ತಂತೆ. ಪೂಜಾರಪ್ಪ ಅದರ ಕಿವಿ ಬಿಡಿಸಿ ನೋಡಿದ, ತುಟಿ ಎತ್ತಿ ನೋಡಿದ, ತುಪ್ಪಳದ ಮೇಲೆ ಎದುರು ಕೈಯಾಡಿಸಿದ. ಒಂದು ಗೀರಿಲ್ಲ. ಮುಳ್ಳು ಎಂದರೇನೆಂದೇ ಗೊತ್ತಿಲ್ಲದ ಮೈ.

"ಇದಾಗುತ್ತೆ," ಎಂದ.

"ತಗೊಳ್ಳಿ," ಎಂದ ಚಿಕ್ಕಪ್ಪ. "ಆದ್ರೆ ಅಗುಳಿ ಇರುತ್ತೆ. ಅಗುಳಿ ಇದ್ದಿದ್ದಕ್ಕೇ ಇಂಥ ಮರಿ ಸಿಕ್ತು ಅನ್ನೋದು ಊರಿಗೆ ನೀವೇ ಹೇಳ್ಬೇಕು."

ಪೂಜಾರಪ್ಪ ಮರಿಯನ್ನು ಎತ್ತಿಕೊಂಡು, "ಹೇಳ್ತೀನಿ," ಎಂದ.

ಅಕ್ಕ ಮರಿಯನ್ನು ಮುಟ್ಟಲಿಲ್ಲ. ಅದು ಅವಳ ವಾಸನೆ ಹಿಡಿದು ಕೂಗಿತು. ಅವಳು ಹಿತ್ತಲಿಗೆ ಹೋಗಿಬಿಟ್ಟಳು.

ಮಾರನೆಯ ದಿನ ಅಪ್ಪ ಒಂದು ಕೈಯಲ್ಲಿ ಮಚ್ಚು ಹಿಡಿದು ಬಿದಿರು ತರಲು ಹೋದ. ಮರಿ ಉಳಿದಿರಲಿಲ್ಲ, ಅವನು ಮಾತು ಉಳಿಸಿಕೊಳ್ಳಬೇಕಾದ ಅಗತ್ಯವೂ ಇರಲಿಲ್ಲ. ಆದರೆ ತನ್ನ ಇಡೀ ಹಿಂಡಿನಲ್ಲಿ ಅಮ್ಮನಿಗೆ ಒಂದೂ ಒಪ್ಪಲಿಲ್ಲ, ತಮ್ಮನದು ಒಪ್ಪಿತು ಎಂಬುದು ಕೈಯ ಗಾಯಕ್ಕಿಂತ ಹೆಚ್ಚು ನೋಯುತ್ತಿತ್ತು ಎಂದು ಅವ್ವ ಹೇಳಿದಳು. ಗಳು ಕಟ್ಟಲು ಎರಡು ಕೈ ಬೇಕು. ಸಂಜೆ ಚಿಕ್ಕಪ್ಪ ಬಂದು ಇನ್ನೊಂದು ತುದಿ ಹಿಡಿದುಕೊಂಡ. ಬೇಸಿಗೆ ಕಳೆದು ಶಾಲೆ ತೆರೆದಾಗ ಅಕ್ಕ ಬಾಣಾವರಕ್ಕೆ ನಡೆದುಕೊಂಡು ಹೋದಳು. ನನಗೆ ದೋಟಿ ಬರಲೇ ಇಲ್ಲ.

ಬಿಳಿ ಮರಿಯ ಕಿವಿ ಸೀಳಿ ಬೀದಿಗೆ ಬಿಟ್ಟರು. ಅದಕ್ಕೆ ಬೀದಿ ಗೊತ್ತಿರಲಿಲ್ಲ. ನೆಲದ ಮೇಲೆ ಕಾಲಿಟ್ಟರೆ ನಡುಗುತ್ತಿತ್ತು. ಊರವರು ಮುದ್ದೆ ಇಟ್ಟರು, ಬೆಲ್ಲ ಇಟ್ಟರು, ಮೂಸಲಿಲ್ಲ. ಹಲವು ದಿನ ಅದು ಚಿಕ್ಕಪ್ಪನ ದೊಡ್ಡಿಯ ಬಾಗಿಲಿಗೆ ಬಂದು, ಒಳಗೆ ಬಿಡಿ ಎಂದು ತಲೆಯಿಂದ ತಟ್ಟುತ್ತ ನಿಲ್ಲುತ್ತಿತ್ತು. ಅಮ್ಮನ ಹೋತವನ್ನು ಕಟ್ಟುವಂತಿಲ್ಲ, ಅಗುಳಿಯೊಳಗೆ ಕೂಡುವಂತೆಯೂ ಇಲ್ಲ; ಆ ಅಗುಳಿಗೆ ಪೂಜಾರಪ್ಪನೇ ಒಪ್ಪಿದ್ದ. ಅಕ್ಕ ಶಾಲೆಗೆ ಹೋಗುವಾಗ ಆ ಬೀದಿ ಬಿಟ್ಟು ತೋಟದ ದಾರಿ ಹಿಡಿಯುತ್ತಿದ್ದಳು. ಮುಂದಿನ ಹಬ್ಬದಲ್ಲಿ ಅದನ್ನು ಕಡಿದರು. ಮುರುಕು ಕೊಂಬಿನ ಹೋತ ಮುದಿಯಾಗಿ, ಹಲ್ಲು ಉದುರಿ, ಜಗಲಿಗಳ ಕೆಳಗೆ ಮಲಗಿ ಸತ್ತಿತು.

ಈಗ, ಮಕ್ಕಳೇ, ನೀವು ಹುಟ್ಟಿದ ಈ ಮಾದಿಹಳ್ಳಿಯಲ್ಲಿ ನಿಮ್ಮ ಅಪ್ಪನ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಅಟ್ಟಣೆ ಇದೆ, ಕಾಲು ಸಿಕ್ಕಿಕೊಳ್ಳದ ಹಾಗೆ ಅಳತೆಯ ರಂಧ್ರಗಳಿವೆ. ಮೇವು ಕತ್ತರಿಸಲು ಮೋಟಾರಿದೆ. ಪ್ರತಿ ಆಡಿನ ಕಿವಿಗೂ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಯಾವುದನ್ನು ಯಾವ ಹೋತದ ಜೊತೆ ಬಿಡಬೇಕೆಂದು ನಿಮ್ಮ ಅಪ್ಪ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಹಗಲು ಸ್ವಲ್ಪ ಹೊತ್ತು ತೆಂಗಿನ ತೋಟದಲ್ಲಿ ಅಡ್ಡಾಡಲು ಬಿಡುತ್ತಾನೆ, ಗೊರಸು ಸವೆಯಲಿ ಎಂದು. ನೀವಿಬ್ಬರೂ ಬೆಳಿಗ್ಗೆ ಶಾಲೆಯ ಬಸ್ಸು ಹತ್ತುತ್ತೀರಿ. ಆಡಿಗೂ ನಿಮ್ಮ ಶಾಲೆಗೂ ಏನು ಸಂಬಂಧ ಎಂದು ಯಾರೂ ನಿಮಗೆ ಹೇಳಬೇಕಾಗಿ ಬಂದಿಲ್ಲ. ಹೋತಗಳು ಗುದ್ದಾಡುವುದನ್ನು ನೀವು ಮೊಬೈಲಿನಲ್ಲಿ ನೋಡುತ್ತೀರಿ, ಬೆರಳಲ್ಲಿ ಮೇಲಕ್ಕೆ ತಳ್ಳುತ್ತೀರಿ, ಬೇರೇನೋ ಬರುತ್ತದೆ. ಅದಕ್ಕೆ ನಾತ ಇರುವುದಿಲ್ಲ.

ಮೊನ್ನೆ ನೀವು ಕೇಳಿದಿರಿ, ಅಜ್ಜಿ, ಹೊರಗೆ ಮೇಯಿಸೋದು ಒಳ್ಳೇದಾ, ಒಳಗೆ ಕಟ್ಟಿ ಹಾಕೋದು ಒಳ್ಳೇದಾ ಎಂದು. ಚಿಕ್ಕಪ್ಪನ ಆಡುಗಳು ಎರಡನೇ ಸಲ ಅಷ್ಟು ಚೆನ್ನಾಗಿ ಮೈ ತುಂಬಿಕೊಂಡದ್ದು ಹಿಂಡಿಯಿಂದಲೋ, ಅಕ್ಕ ಕದ್ದು ತಂದು ಹಾಕಿದ ಕಾವಲಿನ ಸೊಪ್ಪಿನಿಂದಲೋ, ನನಗೆ ಗೊತ್ತಿಲ್ಲ. ಆ ಮರಿಗಳು ದಿನ ತುಂಬಿ ಹುಟ್ಟಿದ್ದರೆ ಉಳಿಯುತ್ತಿದ್ದವೋ ಇಲ್ಲವೋ ಗೊತ್ತಿಲ್ಲ. ಮುರಿದ ಕೊಂಬಿನ ಹೋತವನ್ನು ಅಮ್ಮನ ಮುಂದೆ ಕಡಿಯುವುದಿಲ್ಲ ಎಂಬುದು ಕೊಕ್ಕೆ ಹಾಕುವಾಗ ಅಕ್ಕನಿಗೆ ತಿಳಿದಿತ್ತೇ, ಅದರ ಬದಲು ಯಾವ ಮರಿ ಹೋಗುತ್ತದೆಂದು ತಿಳಿದಿತ್ತೇ, ಅಥವಾ ಕೈಗೆ ಸಿಕ್ಕದ್ದನ್ನು ಎಳೆದಳೇ, ಅದೂ ಗೊತ್ತಿಲ್ಲ. ಅವಳು ಇರುವವರೆಗೆ ಕೇಳಬಹುದಿತ್ತು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.